ಗಾಳಿಯಲ್ಲಿ ನಿಂತ ಮೊರ

ನಮ್ಮೂರಿನಲ್ಲಿ ಫಿಲ್ಮು ಎಚ್ಚರವಾಗಿರುವವರನ್ನು ಹಿಡಿಯುವುದಿಲ್ಲ. ಪಟ ತೆಗೆಯುತ್ತಿದ್ದಾರೆಂದು ತಿಳಿದು ಸೆರಗು ಸರಿಮಾಡಿಕೊಂಡವಳು ಬರುವುದಿಲ್ಲ, ಮೀಸೆ ತೀಡಿದವನು ಬರುವುದಿಲ್ಲ. ಮೈಮರೆತವರು ಮಾತ್ರ ಬರುತ್ತಾರೆ. ಬಾರದವರ ಉಡುಪು ಅವರ ಜೊತೆಯಲ್ಲೇ ಹೋಗುತ್ತದೆ, ಕೈಯಲ್ಲಿ ಹಿಡಿದದ್ದು ಉಳಿಯುತ್ತದೆ. ಹಾಗಾಗಿ ನಮ್ಮೂರ ಮದುವೆಯ ಆಲ್ಬಮ್ಮುಗಳಲ್ಲಿ ಎರಡು ಹಾರಗಳು ಎದುರುಬದುರಾಗಿ ಗಾಳಿಯಲ್ಲಿ ತೂಗುತ್ತಿರುತ್ತವೆ. ಅವುಗಳ ಹಿಂದೆ, ಒಲೆಯ ಪಕ್ಕ ಕೂತು ಹೆಗಲ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಅಡುಗೆಯವನು ಮಾತ್ರ ಅಚ್ಚುಕಟ್ಟಾಗಿ ಮೂಡಿರುತ್ತಾನೆ. ಊರಿನ ಅರ್ಧ ಮದುವೆಗಳಲ್ಲಿ ಮದುಮಗನ ಸ್ಥಾನದಲ್ಲಿ ಅವನೇ ಇದ್ದಾನೆಂದು ನಗುತ್ತಾರೆ.

ಚಾವಡಿಯ ಉತ್ತರದ ಗೋಡೆಗೆ ವರ್ಷಕ್ಕೊಮ್ಮೆ ಎಲ್ಲರ ಪಟ ಏರುತ್ತದೆ. ಆ ದಿನವನ್ನು ಗೋಡೆಯ ದಿನ ಎನ್ನುತ್ತೇವೆ. ಎಲ್ಲವೂ ಕಪ್ಪು ಬಿಳುಪು, ಎಲ್ಲವೂ ಅಂಗೈಯಗಲ. ಒಬ್ಬಳು ಹೇನು ನೋಡುತ್ತಿರುತ್ತಾಳೆ, ಒಬ್ಬ ಬಾಯಿ ತೆರೆದು ನಿದ್ದೆ ಹೋಗಿರುತ್ತಾನೆ. ಚಾವಡಿಯ ಯಜಮಾನರಾದ ಮಾದಪ್ಪನವರು ಒಂದು ವರ್ಷ ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತಾ ಬಂದಿದ್ದರು. "ಮನೇಲಿ ಇರೋದೂ ಹಿಂಗೇ, ಎಮ್ಮೆ ತರ" ಎಂದು ಅವರ ಹೆಂಡತಿ ತುಂಬಿದ ಚಾವಡಿಯಲ್ಲೇ ಹೇಳಿದ್ದರು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗೋಡೆಯಲ್ಲಿ ಇರುವುದು ಮುಖ್ಯ. ಮೂರು ವರ್ಷ ಸಾಲಾಗಿ ಗೋಡೆಯಲ್ಲಿ ಇಲ್ಲದವರು ಊರಿನಲ್ಲಿಯೇ ಇಲ್ಲ ಎಂದರ್ಥ. ಅವರ ಮನೆ ಹತ್ತಿರದ ಸಂಬಂಧಿಗೆ ಹೋಗುತ್ತದೆ. ಹೀಗೆಂದು ಯಾರು ಗೊತ್ತುಮಾಡಿದರೋ ನನಗೆ ತಿಳಿಯದು. ಅವರು ಸಿಕ್ಕಿದ್ದರೆ ಎರಡು ಮಾತು ಕೇಳುವುದಿತ್ತು.

ನನ್ನ ಹೆಸರು ರಂಗನಾಯಕಿ. ನಮ್ಮಪ್ಪ ಊರ ಮಂಟಪದಲ್ಲಿ ಕಾವ್ಯ ಓದುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ಷಟ್ಪದಿಯ ನಡೆ ನನ್ನ ಉಸಿರಿಗೆ ಸೇರಿಕೊಂಡಿತ್ತು. ಅಪ್ಪ ಹೋದ ಮೇಲೆ ಅವರ ಶಿಷ್ಯ ನರಹರಿ ಓದುತ್ತಾನೆ. ದಿನಾ ಮಧ್ಯಾಹ್ನ ಮೂರಕ್ಕೆ ಶುರು, ದೀಪ ಹಚ್ಚುವ ಮುಂಚೆ ಮಂಗಳ. ನಾನು ಮದುವೆಯಾಗಲಿಲ್ಲ. ಮೂರರವರೆಗೆ ಫೋಟೋ ಭೈರಯ್ಯನ ಸ್ಟುಡಿಯೋದಲ್ಲಿ ಫಿಲ್ಮು, ಪ್ರಿಂಟು ತೊಳೆಯುತ್ತೇನೆ, ಆಮೇಲೆ ಮಂಟಪಕ್ಕೆ ಹೋಗಿ ಕೂರುತ್ತೇನೆ. ಮಾತು ಕಡಿಮೆ. ಕೇಳುವುದೇ ನನ್ನ ಪೂಜೆ ಅಂದುಕೊಂಡಿದ್ದೆ.

ಒಂಬತ್ತು ವರ್ಷದ ಹಿಂದೆ ಭೈರಯ್ಯ ತೆಗೆದ ನನ್ನ ಪಟವೊಂದು ಗೋಡೆಯ ನಟ್ಟನಡುವೆ ಇತ್ತು. ಅದೊಂದನ್ನು ಮಾತ್ರ ದೊಡ್ಡದಾಗಿ ಮಾಡಿಸಿದ್ದರು, ಪ್ರತಿ ವರ್ಷ ಹಾಗೇ ಉಳಿಸಿಕೊಂಡು ಬಂದಿದ್ದರು. ಮಂಟಪದ ಕಂಬಕ್ಕೆ ಒರಗಿದ್ದೇನೆ, ಕಣ್ಣು ಮುಚ್ಚಿದೆ, ಕೆನ್ನೆಯ ಮೇಲೆ ಎರಡು ಹನಿ. ಕಿಟಕಿಯ ಬೆಳಕು ಆ ಹನಿಗಳ ಮೇಲೆ ಬಿದ್ದಿದೆ. ಬೇರೆ ಊರಿನಿಂದ ನೆಂಟರು ಬಂದರೆ ಚಾವಡಿಗೆ ಕರೆತಂದು ತೋರಿಸುತ್ತಿದ್ದರು. "ಭಕ್ತಿ ಅಂದ್ರೆ ಇದು ನೋಡಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಪಕ್ಕದಲ್ಲಿ ಹಾದುಹೋಗುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗಿಗಿಷ್ಟು ಬೆಂಕಿ ಹಾಕ.

ಹೊನ್ನಮ್ಮ ನನ್ನ ಅಕ್ಕ. ಮಂಟಪದ ಹಿಂದೆಯೇ ಅವಳ ಮನೆ. ನಡುವೆ ಇರುವುದು ಮಂಟಪದ ಒಂದು ಕಿಟಕಿ, ಅವಳ ಹಿತ್ತಲು, ಅಷ್ಟೇ. ಅವಳು ಶಾವಿಗೆ ಮಾಡುತ್ತಾಳೆ. ಬೆಳಗಾಗೆದ್ದು ಹಿಟ್ಟು ನಾದಿ, ಮರದ ಒರಳಿನಲ್ಲಿ ಒತ್ತಿ, ಎಳೆಗಳನ್ನು ಹಗ್ಗದ ಮೇಲೆ ಹರವುತ್ತಾಳೆ. ಊರಿನ ಯಾವ ಹಬ್ಬದ ಪಾಯಸವೂ ಅವಳ ಕೈ ದಾಟದೆ ಆಗುವುದಿಲ್ಲ. ಹತ್ತೊಂಬತ್ತು ವರ್ಷ ಚೌಡಪ್ಪನೆಂಬುವನ ಜೊತೆ ಸಂಸಾರ ಮಾಡಿದಳು. ಅವನು ಸದ್ದಿಲ್ಲದೆ ನಡೆಯುತ್ತಿದ್ದ. ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಕಡಿಮೆಯಾದರೆ ಹೊಡೆಯುತ್ತಿದ್ದ, ಸರಿಯಾಗಿದ್ದರೆ ಯಾರಿಗೋಸ್ಕರ ಇಷ್ಟು ರುಚಿ ಮಾಡಿದೆ ಎಂದು ಹೊಡೆಯುತ್ತಿದ್ದ. ಗಂಡ ಇರುವ ತನಕ ಹೆಂಡತಿಗೆ ಗೋಡೆಯಲ್ಲಿ ಬೇರೆ ಪಟ ಇರಲೇಬೇಕೆಂದಿಲ್ಲ, ಅವನದೇ ಸಾಕು. ಹಾಗಾಗಿ ಅಕ್ಕ ಫಿಲ್ಮಿಗೆ ಬರುತ್ತಾಳೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

ಚೌಡಪ್ಪ ಮೂರು ದಿನದ ಜ್ವರದಲ್ಲಿ ಸತ್ತ. ಮೊದಲ ವರ್ಷದ ಗೋಡೆಯ ದಿನ ಅಕ್ಕನ ಜಾಗದಲ್ಲಿ ಬರೀ ಹಗ್ಗ, ಶಾವಿಗೆ. ಸೂತಕದ ದುಃಖ ಎಂದರು. ಎರಡನೇ ವರ್ಷವೂ ಹಗ್ಗ, ಶಾವಿಗೆ. ಎದುರುಮನೆಯ ಕಾಳಮ್ಮ, "ಸತ್ತು ಎರಡು ವರ್ಷ ಆಯ್ತಲ್ಲ, ಇನ್ನೂ ಏನು ಬಿಗುಮಾನ ಇವಳಿಗೆ?" ಎಂದಳು. ಚೌಡಪ್ಪನ ತಮ್ಮ ದ್ಯಾವಣ್ಣ ಬೆರಳಲ್ಲಿ ವರ್ಷ ಎಣಿಸಿದ. ಮಾರನೆಯ ದಿನದಿಂದ ಅಕ್ಕನ ಹಿತ್ತಲಿಗೆ ಬಂದು ಹೆಜ್ಜೆ ಹಾಕಿ ಉದ್ದಗಲ ನೋಡತೊಡಗಿದ. "ಅತ್ತಿಗೆ, ಈ ಒರಳು ಬಾಳ ಜಾಗ ತಿನ್ನುತ್ತೆ. ಇಲ್ಲಿ ಎರಡು ಹಸ ಕಟ್ಟಬಹುದು" ಎನ್ನುತ್ತಿದ್ದ, ಅವಳು ಒರಳು ಒತ್ತುತ್ತಿರುವಾಗಲೇ.

ಇದು ಮೂರನೇ ವರ್ಷ.

ಭೈರಯ್ಯನಿಗೆ ಅರವತ್ತು ದಾಟಿದೆ, ಮಂಡಿನೋವು. ಆದರೂ ಈ ಸಲ ಅಕ್ಕನ ಹಿಂದೆ ಬಿದ್ದ. ಹುಲ್ಲಿನ ಬಣವೆಯ ಹಿಂದೆ ಕೂತ. ಬಚ್ಚಲಿನ ಗೋಡೆಯ ತೂತಿನಲ್ಲಿ ಲೆನ್ಸ್ ಇಟ್ಟ. ಕೊನೆಗೆ ಮಂಟಪದ ಮಾಡು ಹತ್ತಿ ಬೋರಲು ಮಲಗಿದ. ಅಕ್ಕ ತಲೆ ಎತ್ತದೆ, ಒರಳಿನ ಹಿಡಿ ಬಿಡದೆ, "ಭೈರಣ್ಣ, ಎಡಗಡೆ ಹೆಂಚು ಸಡಿಲ ಇದೆ, ನಿಧಾನ" ಎಂದಳಂತೆ. ಅವನು ಕೆಳಗಿಳಿದು ಬಂದು ನನ್ನ ಮುಂದೆ ಕೈ ಚೆಲ್ಲಿದ. "ನಿಮ್ಮಕ್ಕ ನನ್ನ ಉಸಿರು ಕೇಳಿಸ್ಕೋತಾಳೆ ಕಣವ್ವ. ನಲವತ್ತು ವರ್ಷದಲ್ಲಿ ಇಂಥಾ ಹೆಂಗಸನ್ನ ನೋಡಿಲ್ಲ." ಆ ಮೂರು ರೋಲುಗಳನ್ನೂ ನಾನೇ ತೊಳೆದೆ. ಒರಳಿನ ಹಿಡಿ ತಾನಾಗಿಯೇ ಕೆಳಗೆ ಬಾಗಿದೆ, ತೂತುಗಳಿಂದ ಎಳೆಗಳು ಇಳಿಯುತ್ತಿವೆ. ಒತ್ತುತ್ತಿರುವವಳು ಇಲ್ಲ.

ಊರಿನವರ ಉಪದೇಶಕ್ಕೆ ಬರವಿರಲಿಲ್ಲ. "ಒಂದು ಲೋಟ ಸೇಂದಿ ಕುಡಿಸಿ, ತಾನಾಗೇ ಮರೀತಾಳೆ" ಎಂದಳು ಕಾಳಮ್ಮ, ಅಕ್ಕನ ಎದುರಿಗೇ. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು, "ಕುಡಿದೋರು ಮೈಮರೆಯೋದನ್ನ ನಾನು ನೋಡಿದೀನಿ ಕಾಳಮ್ಮ, ನೀವೂ ಕೇಳಿದೀರಿ. ನಂಗೆ ಅದು ಬೇಡ" ಎಂದಳು. ಕಾಳಮ್ಮ ಮೂಗು ಮುರಿದು ಎದ್ದು ಹೋದಳು.

ನಾನೂ ಉಪದೇಶ ಮಾಡಿದೆ. ಅದನ್ನು ಬರೆಯದೆ ಬಿಡುವುದಿಲ್ಲ. "ಅಕ್ಕಾ, ದೇವರ ಹೆಸರು ಹೇಳ್ಕೊಂಡು ಒಂದು ಗಳಿಗೆ ಎಲ್ಲಾ ಮರೆತುಬಿಡು" ಎಂದೆ.

"ನಾನು ಮರೆತ್ರೆ ಯಾರು ನೋಡ್ಕೋತಾರೆ?"

"ಏನನ್ನ?"

"ಬಾಗಿಲನ್ನ."

"ಬಾಗಿಲಲ್ಲಿ ಯಾರಿದಾರೆ ಅಕ್ಕ? ಭಾವ ಹೋಗಿ ಎರಡೂವರೆ ವರ್ಷ ಆಯ್ತು."

"ನಂಗೊತ್ತು ಕಣೇ. ನನ್ನ ಬೆನ್ನಿಗೆ ಗೊತ್ತಿಲ್ಲ."

ನಾನು ಅವಳನ್ನು ಬಲವಂತದಿಂದ ಮಂಟಪಕ್ಕೆ ಕರೆದುಕೊಂಡು ಹೋದೆ. ನರಹರಿಯ ಕಂಠಕ್ಕೆ ಕಲ್ಲೂ ಕರಗೀತು, ಇವಳು ಕರಗಲಿಕ್ಕಿಲ್ಲವೇ ಎಂದು ನನ್ನ ನಂಬಿಕೆ. ಕಂಬದ ಮರೆಯಲ್ಲಿ ಭೈರಯ್ಯ ಕಾದಿದ್ದ. ಅಕ್ಕ ಬಾಗಿಲ ಪಕ್ಕವೇ ಕೂತಳು, ಗೋಡೆಗೆ ಬೆನ್ನು ಒತ್ತಿ. ಒಬ್ಬೊಬ್ಬರು ಒಳಗೆ ಬಂದಾಗಲೂ ಅವಳ ಕಾಲಿನ ಹೆಬ್ಬೆರಳು ನೆಲಕ್ಕೆ ಊರಿಕೊಳ್ಳುತ್ತಿತ್ತು, ಏಳಲು ತಯಾರಾಗಿ. ಎರಡು ಗಂಟೆ ಹಾಗೇ. ಒಂದು ಪದ್ಯವಾದರೂ ಅವಳ ಕಿವಿಯೊಳಗೆ ಇಳಿದಿರಲಿಕ್ಕಿಲ್ಲ. ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂತು. ಅವಳ ಮೇಲೆ! "ನಿಂಗೆ ಭಕ್ತಿ ಇಲ್ಲ ಅಕ್ಕ, ಅದಕ್ಕೇ ಹೀಗೆ" ಎಂದುಬಿಟ್ಟೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಮನೆಗೆ ಹೋದಳು. ಆ ಮಾತು ನೆನೆದರೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಗೋಡೆಯ ದಿನಕ್ಕೆ ಐದು ದಿನ ಉಳಿದಿತ್ತು. ಭೈರಯ್ಯ ಪಕ್ಕದ ಹಳ್ಳಿಗೆ ಒಂದು ನಾಮಕರಣಕ್ಕೆ ಹೋಗಿದ್ದ. ಹಳೆಯ ನೆಗೆಟಿವ್‌ಗಳ ಟ್ರಂಕು ತೆಗೆದೆ. ಎಲ್ಲಾದರೂ ಒಂದು ಕಡೆ, ಯಾರದೋ ಹಿಂದೆ, ಬಾವಿಕಟ್ಟೆಯಲ್ಲೋ ಬೀದಿಯ ತಿರುವಿನಲ್ಲೋ ಅಕ್ಕ ಒಂದು ಗಳಿಗೆ ತನ್ನನ್ನು ಮರೆತು ನಿಂತಿದ್ದರೆ, ಆ ಚೂರನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿಸಬಹುದಲ್ಲ ಎಂದು. ವರ್ಷವಾರು ಕಂದು ಕಾಗದದ ಲಕೋಟೆಗಳಿದ್ದವು. ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಮಧ್ಯಾಹ್ನವಾಯಿತು, ಮಂಟಪಕ್ಕೆ ಹೋಗಲಿಲ್ಲ. ಅಪ್ಪ ಸತ್ತ ದಿನ ಬಿಟ್ಟರೆ ನಾನು ಕೇಳುವುದನ್ನು ತಪ್ಪಿಸಿದ್ದು ಅವತ್ತೇ.

ಅಕ್ಕ ಎಲ್ಲೂ ಇರಲಿಲ್ಲ. ಸಿಕ್ಕಿದ್ದು ನಾನು. ಕಂಬಕ್ಕೆ ಒರಗಿದ ಆ ಪಟದ ನೆಗೆಟಿವ್. ಅದರಲ್ಲಿ ಗೋಡೆಯ ಮೇಲಿದ್ದಕ್ಕಿಂತ ಹೆಚ್ಚಿಗೆ ಏನೋ ಇತ್ತು. ಚಾವಡಿಯಲ್ಲಿ ತೂಗುಹಾಕಿದ್ದು ಬಲಗಡೆಯ ಅರ್ಧ ಮಾತ್ರ. ಎಡಗಡೆ ಕಿಟಕಿ ಪೂರ್ತಿ ಇತ್ತು. ಕಿಟಕಿಯಾಚೆ ಸಣ್ಣದಾಗಿ ಏನೋ.

ಕತ್ತಲೆ ಕೋಣೆಯ ಕೆಂಪು ದೀಪ ಹಾಕಿ, ಇಡೀ ನೆಗೆಟಿವ್‌ನ ಬೆಳಕನ್ನು ದೊಡ್ಡ ಹಾಳೆಯ ಮೇಲೆ ಬಿಟ್ಟೆ. ಹಾಳೆಯನ್ನು ಡೆವಲಪರ್ ತಟ್ಟೆಗೆ ಹಾಕಿ ಅಲುಗಿಸಿದೆ. ಮೊದಲು ಕಂಬ ಬಂತು. ಆಮೇಲೆ ನನ್ನ ತಲೆಗೂದಲು, ಕಿಟಕಿಯ ಸರಳು. ಸರಳಿನ ನಡುವೆ ಅಕ್ಕನ ಹಿತ್ತಲು ನಿಧಾನವಾಗಿ ಮೇಲೆದ್ದು ಬಂತು. ಹಿತ್ತಲಿನಲ್ಲಿ ಚೌಡಪ್ಪ. ಬಾಯಿ ತೆರೆದಿದ್ದಾನೆ, ಬಲಗೈ ಮೇಲೆತ್ತಿದ್ದಾನೆ, ಕೈಯಲ್ಲಿ ಸೌದೆ ಸೀಳು. ಕುತ್ತಿಗೆಯ ನರ ಕೂಡ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಮೈಮರೆತಿದ್ದ. ಅವನ ಎದುರಿಗೆ ಯಾರೂ ಇಲ್ಲ. ಖಾಲಿ ನೆಲ. ಆ ಖಾಲಿಯಲ್ಲಿ, ಒಬ್ಬ ಹೆಂಗಸಿನ ತಲೆಯ ಎತ್ತರಕ್ಕೆ, ಒಂದು ಮೊರ ಅಡ್ಡವಾಗಿ ಗಾಳಿಯಲ್ಲಿ ನಿಂತಿತ್ತು.

ಮೂಡಿದ ಚಿತ್ರವನ್ನು ಅಲ್ಲಿಗೇ ನಿಲ್ಲಿಸುವ ಹೈಪೋ ನೀರಿಗೆ ಹಾಳೆಯನ್ನು ಹಾಕಬೇಕೆಂಬುದು ಮರೆತುಹೋಯಿತು. ನೋಡುತ್ತಾ ನಿಂತಂತೆಯೇ ಎಲ್ಲವೂ ಕಪ್ಪಾಯಿತು. ಎರಡನೇ ಹಾಳೆ ತೆಗೆದುಕೊಂಡೆ. ಅದನ್ನು ಸಮಯಕ್ಕೆ ಸರಿಯಾಗಿ ಹೈಪೋಗೆ ಹಾಕಿ ಉಳಿಸಿದೆ.

ಆ ಪಟ ತೆಗೆದ ವಾರ ಅಕ್ಕನ ಮಣಿಕಟ್ಟು ಮುರಿದಿತ್ತು. ಬಾವಿಕಟ್ಟೆಯಲ್ಲಿ ಜಾರಿದೆ ಎಂದಿದ್ದಳು. ನಾನು ಎಣ್ಣೆ ಕಾಯಿಸಿ ಹಚ್ಚಿದ್ದೆ. ಇನ್ನೊಂದು ವಿಷಯವನ್ನೂ ಹೇಳಬೇಕು. ಅವತ್ತು ನನಗೆ ಕೇಳಿಸಿತ್ತು. ಬಿದಿರು ಸೀಳಿದ ಸದ್ದು, ಅದರ ಹಿಂದೆಯೇ ಅರ್ಧಕ್ಕೆ ನಿಂತ ಒಂದು ಕೂಗು. ಪದ್ಯ ಕೆಡುತ್ತದಲ್ಲ ಎಂದು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಆ ಬಿಗಿಯನ್ನೇ ಒಂಬತ್ತು ವರ್ಷದಿಂದ ಊರು ಭಕ್ತಿ ಎಂದು ನೆಂಟರಿಗೆ ತೋರಿಸುತ್ತಿದೆ.

ಅದೇ ಪಟ್ಟಿಯಲ್ಲಿ ಮುಂದಿನ ಚಿತ್ರ ಕಾಳಮ್ಮನದು. ಒನಕೆ ಮೇಲೆತ್ತಿ ಹಾಗೇ ನಿಂತಿದ್ದಾಳೆ, ತಲೆ ಒಂದು ಕಡೆ ವಾಲಿದೆ. ಅದರ ಮುಂದೆ ಮಾದಪ್ಪನವರು, ಚಿಟಿಕೆ ನಶ್ಯ ಮೂಗಿನ ಹತ್ತಿರ ಬಂದು ನಿಂತಿದೆ, ತಲೆ ವಾಲಿದೆ. ಅಂಗಡಿಯ ಪುಟ್ಟಯ್ಯ, ತಕ್ಕಡಿ ಕೈಯಲ್ಲಿ, ತಲೆ ವಾಲಿದೆ. ಇವೆಲ್ಲ ಆ ವರ್ಷ ಗೋಡೆಯ ಮೇಲೆ ಏರಿದ್ದ ಪಟಗಳೇ. ಹಿಂದಿನ ವರ್ಷದ ಲಕೋಟೆ ತೆಗೆದೆ, ಅದರ ಹಿಂದಿನದು ತೆಗೆದೆ. ಎಲ್ಲರ ಕೆಲಸವೂ ನಡುವೆ ನಿಂತಿದೆ, ಎಲ್ಲರ ಕಿವಿಯೂ ಒಂದೇ ಮನೆಯ ಕಡೆಗೆ. ನಮ್ಮೂರಿನವರ ಮುಖದಲ್ಲಿ ಏನೋ ಒಂದು ಶಾಂತಿ ಇದೆ ಎಂದು ಹೊರಗಿನವರು ಆ ಗೋಡೆ ನೋಡಿ ಹೇಳುತ್ತಿದ್ದರು.

ಮಾರನೆಯ ಬೆಳಗ್ಗೆ ಭೈರಯ್ಯ ಬಂದು ಚೀಲ ಇಳಿಸುವುದಕ್ಕೂ ಬಿಡದೆ ಪ್ರಿಂಟನ್ನು ಅವನ ಮುಂದೆ ಹಿಡಿದೆ. "ಇದನ್ನ ಯಾಕೆ ಕತ್ತರಿಸಿದೆ?"

ಅವನು ಕನ್ನಡಕ ತೆಗೆದು ಒರೆಸಿದ. "ಪಟಕ್ಕೆ ಬೇಡದ್ದನ್ನ ಕತ್ತರಿಸೋದು ಕಸುಬು ಕಣವ್ವ."

"ಬೇಡದ್ದು ಅಂದ್ರೆ ನಮ್ಮಕ್ಕನಾ?"

"ನಿಮ್ಮಕ್ಕ ಅದರಲ್ಲಿ ಎಲ್ಲಿದಾಳೆ?" ಎಂದ. ಎಂದ ಕೂಡಲೇ ಅವನಿಗೇ ಅದು ಕೆಟ್ಟದಾಗಿ ಕೇಳಿಸಿರಬೇಕು, ತಲೆ ತಗ್ಗಿಸಿದ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಊರಿನವರನ್ನ ಮರೆವಲ್ಲಿ ಹಿಡಿಯೋದು ಎಷ್ಟು ಕಷ್ಟ ಗೊತ್ತಾ? ಕ್ಯಾಮೆರಾ ಕಂಡ್ರೆ ಸಾಕು ಎಲ್ಲಾ ಬಿಗೀತಾರೆ. ಚೌಡಪ್ಪ ಕೈ ಎತ್ತಿದಾಗ ಮಾತ್ರ ಇಡೀ ಬೀದಿ ತನ್ನನ್ನ ಮರೆತು ನಿಲ್ತಿತ್ತು. ಆವಾಗ ನಾನು ಬೀದೀಲಿ ನಡೆದು ಹೋದ್ರೆ ಸಾಕಾಗಿತ್ತು, ಒಬ್ಬರೂ ನನ್ನ ಕಡೆ ನೋಡ್ತಿರಲಿಲ್ಲ. ಸುಲಭವಾಗಿ ಸಿಕ್ತಿದ್ರು."

"ಸುಲಭವಾಗಿ."

"ಹೂಂ ಕಣವ್ವ."

"ಹತ್ತೊಂಬತ್ತು ವರ್ಷ ನಮ್ಮಕ್ಕ ಒದೆ ತಿಂದದ್ದಕ್ಕೆ ನಿಮ್ಮೆಲ್ಲರ ಮನೆ ನಿಮಗೆ ಉಳೀತು. ಈಗ ಅವಳ ಮನೆ ಕಿತ್ಕೋತೀರಾ?"

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೇಳಲು ನಿಲ್ಲಲಿಲ್ಲ. ನಲವತ್ತಾರು ವರ್ಷ ಕೇಳುತ್ತಾ ಕೂತವಳು ಮೊದಲ ಸಲ ಒಬ್ಬರ ಮಾತಿನ ಮಧ್ಯೆ ಎದ್ದು ಹೋದೆ. ಉಳಿದ ನಾಲ್ಕು ದಿನವೂ ಕತ್ತಲೆ ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡು ಪ್ರಿಂಟು ಮಾಡಿದೆ. ಭೈರಯ್ಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಎರಡನೇ ದಿನ ಹಾಳೆ ಮುಗಿದಾಗ ಬಾಗಿಲ ಕೆಳಗಿನಿಂದ ಒಂದು ಹೊಸ ಪೊಟ್ಟಣ ಒಳಗೆ ಸರಿಯಿತು. ಅಷ್ಟಕ್ಕೇ ನಾನು ಅವನನ್ನು ಕ್ಷಮಿಸಿಬಿಟ್ಟೆನೆಂದಲ್ಲ.

ಗೋಡೆಯ ದಿನ ಬೆಳಗ್ಗೆ ಜನ ಸೇರುವ ಮುಂಚೆಯೇ ಚಾವಡಿಗೆ ಹೋದೆ. ನಡುವಿನ ನನ್ನ ಪಟವನ್ನು ಕಿತ್ತು ಅಲ್ಲಿ ಇಡೀ ಪಟವನ್ನು ತೂಗುಹಾಕಿದೆ. ಸುತ್ತಲೂ ಕಾಳಮ್ಮ, ಮಾದಪ್ಪನವರು, ಪುಟ್ಟಯ್ಯ, ಉಳಿದವರು, ವರ್ಷವಾರು, ಹೆಸರು ಬರೆದು. ಎಲ್ಲರ ತಲೆಯೂ ನಡುವಿನ ಪಟದ ಕಡೆಗೆ ವಾಲುವಂತೆ ನೋಡಿಕೊಂಡೆ. ಇದೊಂದು ಕೆಲಸದಲ್ಲಿ ನಾನು ಯಾವ ದೇವರನ್ನೂ ನೆನೆಯಲಿಲ್ಲ.

ಜನ ಬಂದರು. ಮೊದಲು ನಗುತ್ತಲೇ ತಮ್ಮ ತಮ್ಮ ಪಟ ಹುಡುಕಿದರು. "ಇದು ಹಳೇದಲ್ವಾ? ನಾನು ಇಷ್ಟು ತೆಳ್ಳಗಿದ್ನಾ?" ಎಂದಳು ಕಾಳಮ್ಮ. ಆಮೇಲೆ ಒಬ್ಬರ ಕಣ್ಣು ನಡುವಿಗೆ ಹೋಯಿತು, ಇನ್ನೊಬ್ಬರದು ಹೋಯಿತು. ನಗು ಅಲ್ಲಲ್ಲೇ ನಿಂತಿತು. ಅಕ್ಕ ಎಲ್ಲರಿಗಿಂತ ಹಿಂದೆ, ಬಾಗಿಲಿನ ಪಕ್ಕ, ಕೈಗಂಟಿದ ಹಿಟ್ಟನ್ನು ಉಜ್ಜುತ್ತಾ ನಿಂತಿದ್ದಳು. ಅವಳು ಬಂದದ್ದು ಮನೆ ಹೋಯಿತು ಎಂಬ ಮಾತು ಕೇಳಿಕೊಂಡು ಹೋಗಲು.

ದ್ಯಾವಣ್ಣನೇ ಬಾಯಿ ಬಿಟ್ಟ. "ಇದೇನು ನಾಟಕ? ಅಣ್ಣನ ಪಟ ಹಾಕಿ ಏನಾಗಬೇಕು? ಅತ್ತಿಗೆ ಇದರಲ್ಲೂ ಇಲ್ಲವಲ್ಲ! ಮೂರು ವರ್ಷ ಆಯ್ತು. ಯಜಮಾನರು ತೀರ್ಮಾನ ಹೇಳಿಬಿಡಿ."

"ಅವಳಿಲ್ವಾ?" ಎಂದೆ. ನನ್ನ ದನಿ ಚಾವಡಿಯಲ್ಲಿ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ. "ಹಾಗಾದ್ರೆ ನಿಮ್ಮಣ್ಣ ಯಾರಿಗೆ ಹೊಡೀತಿದಾನೆ ದ್ಯಾವಣ್ಣ? ಗಾಳಿಗಾ? ಆ ಮೊರ ಯಾರು ಹಿಡಿದಿರೋದು?"

"ಮೊರ ಇಟ್ಕೊಂಡು ಮನೆ ಕೊಡೋಕಾಗುತ್ತಾ?"

"ಯಾಕಾಗಲ್ಲ? ನಿನ್ನ ಮನೆ ಏನಿಟ್ಕೊಂಡು ನಿನಗೆ ಉಳಿಸಿದ್ರು ನೋಡು." ಅವನ ಪಟದ ಮೇಲೆ ಬೆರಳಿಟ್ಟೆ. ಅಕ್ಕನ ಮನೆಯ ಜಗಲಿಯ ಮೇಲೆ ಕೂತು, ಒಳಗಿನ ಕಡೆ ಕಿವಿ ಕೊಟ್ಟು, ಬಾಯಲ್ಲಿ ಕಡಲೆಕಾಯಿ. ಅರ್ಧ ಒಡೆದ ಸಿಪ್ಪೆ ಬೆರಳ ಸಂದಿಯಲ್ಲಿ. "ಕಡಲೆಕಾಯಿ ಒಡೆಯೋದನ್ನೂ ಮರೆತು ಕೂತಿದೀಯ. ಏನು ಕೇಳ್ತಿದ್ದೆ? ಹೇಳು. ಇಲ್ಲಿರೋ ಒಬ್ಬೊಬ್ಬರೂ ಹೇಳಿ. ಕಾಳಮ್ಮ, ಆ ಒನಕೆ ಯಾಕೆ ಕೆಳಗೆ ಬರಲಿಲ್ಲ? ಮಾದಪ್ಪನೋರೆ, ನಶ್ಯ ಮೂಗಿಗೆ ಹೋಗದಷ್ಟು ಇಂಪಾಗಿ ಏನು ಕೇಳಿಸ್ತು ನಿಮಗೆ?"

"ರಂಗನಾಯಕಿ, ಮಾತು ಮಿತೀಲಿರಲಿ" ಎಂದರು ಮಾದಪ್ಪನವರು. ಆದರೆ ದನಿಯಲ್ಲಿ ಶಕ್ತಿ ಇರಲಿಲ್ಲ.

"ಮಿತೀಲೇ ಇದ್ದೆ ಯಜಮಾನರೆ, ನಲವತ್ತಾರು ವರ್ಷ. ಆ ಕಿಟಕಿ ಪಕ್ಕ ಕೂತಿರೋಳು ನಾನೇ. ನನಗೂ ಕೇಳಿಸ್ತು. ಕಣ್ಣು ಮುಚ್ಚಿಕೊಂಡೆ. ನೀವೆಲ್ಲ ಅದಕ್ಕೆ ಚೌಕಟ್ಟು ಹಾಕಿಸಿದ್ರಿ."

ಕಾಳಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಮಾದಪ್ಪನವರು ಪಟದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಬೆರಳಿನಿಂದ ಆ ಮೊರವನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. "ಹಿಡಿದದ್ದು ಉಳಿದಿದೆ ಅಂದ್ರೆ ಹಿಡಿದೋರು ಇದ್ರು ಅಂತ್ಲೇ ಅರ್ಥ. ಹೊನ್ನಮ್ಮ ಗೋಡೆ ಮೇಲಿದಾಳೆ. ಈ ವರ್ಷವೂ, ಹಿಂದಿನ ಎರಡು ವರ್ಷವೂ. ಶಾವಿಗೆ ತಾನಾಗಿ ಹಗ್ಗ ಏರಲ್ಲ. ಮನೆ ಅವಳದೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ದನಿಯಲ್ಲಿ, "ಈಗ ಇವನ್ನೆಲ್ಲ ಇಳಿಸಿಬಿಡು ತಾಯಿ. ಮಕ್ಕಳು ಮರಿ ನೋಡ್ತವೆ" ಎಂದರು.

ನಾನು ಉತ್ತರಿಸುವುದರೊಳಗೆ ಹಿಂದಿನಿಂದ ಅಕ್ಕನ ದನಿ ಬಂತು. "ಇಳಿಸಬೇಡ."

ಜನ ದಾರಿ ಬಿಟ್ಟರು. ಅಕ್ಕ ಗೋಡೆಯವರೆಗೂ ನಡೆದು ಬಂದಳು. ಒಬ್ಬೊಬ್ಬರ ಪಟದ ಮುಂದೆಯೂ ನಿಂತು ನೋಡಿದಳು, ಶಾವಿಗೆ ಎಳೆ ತುಂಡಾಗಿದೆಯೇ ಎಂದು ನೋಡುವ ಹಾಗೆ. "ಮನೆ ನನ್ನದು. ಅದನ್ನ ನೀವು ಕೊಡಬೇಕಾಗಿಲ್ಲ ಮಾದಪ್ಪಣ್ಣ. ಇವು ಇಲ್ಲೇ ಇರ್ಲಿ. ಮಕ್ಕಳು ನೋಡ್ಲಿ" ಎಂದಳು. ಕೊನೆಗೆ ನಡುವಿನ ಪಟದ ಮುಂದೆ ನಿಂತಳು. ಚೌಡಪ್ಪನನ್ನು ಅವಳು ನೋಡಲೇ ಇಲ್ಲ. ನೋಡಿದ್ದು ನನ್ನನ್ನು. ಕೆನ್ನೆಯ ಮೇಲಿನ ಆ ಎರಡು ಹನಿಗಳನ್ನು.

"ಅವತ್ತು ಏನು ಓದ್ತಿದ್ರು?" ಎಂದು ಕೇಳಿದಳು.

"ಬೇಡ ಅಕ್ಕ."

"ನಿಂಗೆ ಎಲ್ಲಾ ಬಾಯಿಗೆ ಬರುತ್ತಲ್ಲ. ಹೇಳು. ನಂಗೆ ಅವತ್ತು ಪೂರ್ತಿ ಕೇಳಿಸ್ಕೊಳ್ಳೋಕೆ ಆಗಿರಲಿಲ್ಲ."

"ಕಾಡಿನಲ್ಲಿ ಬಿಟ್ಟುಬಂದ ಹೆಂಗಸಿನ ಭಾಗ" ಎಂದೆ. "ಅವಳು ಒಬ್ಬಳೇ ನಿಂತು ಕೂಗ್ತಾಳೆ. ಕೇಳೋಕೆ ಮನುಷ್ಯರು ಯಾರೂ ಇರಲ್ಲ. ಮರಗಳು ಕೇಳಿ ಅಳ್ತವೆ."

"ಮರಗಳು ಅತ್ತವಾ?"

"ಅತ್ತವು ಅಕ್ಕ."

"ಅದಕ್ಕೆ ನೀನೂ ಅತ್ತೆ."

ನಾನು ತಲೆ ಆಡಿಸಿದೆ.

"ಹೇಳು, ಇಲ್ಲೇ. ಎಲ್ಲರೂ ಇದಾರೆ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಕಾಲಿಗೆ ಬಿದ್ದುಬಿಡುತ್ತಿದ್ದೆ.

ನಾನು ಹೇಳಿದೆ. ಆ ಭಾಗದಲ್ಲಿ ಹನ್ನೊಂದು ಪದ್ಯ. ಅಪ್ಪ ಅದಕ್ಕೆ ಹಾಕಿದ್ದ ರಾಗ ನಾಲಿಗೆಯ ತುದಿಗೆ ತಾನಾಗಿ ಬಂತು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ರಾಗವಿಲ್ಲದೆ, ಎಳೆತವಿಲ್ಲದೆ, ಬಾಗಿಲಲ್ಲಿ ನಿಂತು ಜಗಳ ಕಾಯುವವಳು ಮಾತಾಡುವ ಹಾಗೆ, ಒಂದೊಂದು ಶಬ್ದವನ್ನೂ ಒಬ್ಬೊಬ್ಬರ ಮುಖ ನೋಡಿ ಹೇಳಿದೆ. ಅವಳು ಕೂಗಿದಳು ಎಂಬಲ್ಲಿ ಕಾಳಮ್ಮನನ್ನು ನೋಡಿದೆ. ಯಾರೂ ಬರಲಿಲ್ಲ ಎಂಬಲ್ಲಿ ಮಾದಪ್ಪನವರನ್ನು. ಹಿಂದಿನ ಸಾಲಿನಲ್ಲಿ ನರಹರಿ ಕಿವಿ ಮುಚ್ಚಿಕೊಂಡ. ದ್ಯಾವಣ್ಣ ಬಾಗಿಲ ಕಡೆ ಸರಿದ, ಅಲ್ಲಿ ನಿಂತಿದ್ದ ಭೈರಯ್ಯ ಅವನಿಗೆ ದಾರಿ ಬಿಡಲಿಲ್ಲ. ಮರಗಳ ಪದ್ಯ ಬಂದಾಗ ನನ್ನ ಕಣ್ಣು ಸುಟ್ಟುಕೊಂಡಂತಾಯಿತು, ಆದರೆ ಅವನ್ನು ಮುಚ್ಚಲಿಲ್ಲ. ಒಂದು ಹನಿಯನ್ನೂ ಕೆಳಗೆ ಬಿಡಲಿಲ್ಲ. ಹನ್ನೊಂದೂ ಮುಗಿಯುವವರೆಗೆ ಅಕ್ಕ ನನ್ನೆದುರಿಗೇ ನಿಂತಿದ್ದಳು, ಒಮ್ಮೆಯೂ ತಲೆದೂಗದೆ.

"ಇಷ್ಟೇನಾ?" ಎಂದಳು.

"ಇಷ್ಟೇ."

"ಚೆನ್ನಾಗಿಲ್ಲ" ಎಂದಳು ಅಕ್ಕ. ಹಿಟ್ಟು ಒಣಗುತ್ತದೆ ಎಂದು ಮನೆಗೆ ಹೋದಳು.